ಅಧ್ಯಾಪಕರ ಮನೆ: ಡಬ್ಲಿನ್ ನಗರದ ಒಂದು ಕಟ್ಟಡದ ಚರಿತ್ರೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಗುರುವಂದನಾ ಸಭೆಯಲ್ಲಿ ನಮ್ಮ ವಿಚಾರಣಾ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭವೇಳೆಯಲ್ಲಿ, ವಿದ್ಯಾದಾನ ಮಾಡಿದವರನ್ನು ನೆನೆಯಲು ಒಂದು ಸಂಜೆಯನ್ನು ಮೀಸಲಿಡಬೇಕೆಂದು ಸಮಿತಿಯವರು ನಿಶ್ಚಯಿಸಿ, ನಾಲ್ಕು ಮಾತು ಆಡುವ ಹೊಣೆಯನ್ನು ನಮಗೆ ಒಪ್ಪಿಸಿದ್ದಾರೆ. ಯಾವ ವಿಷಯವನ್ನು ಆರಿಸಿಕೊಳ್ಳೋಣವೆಂದು ಯೋಚಿಸುತ್ತಿರುವಾಗಲೇ, ಒಂದು ಬೆಳಿಗ್ಗೆ ಬಲಿಪೂಜೆ ಮುಗಿಸಿ ಹೊರಬಂದ ನಮ್ಮನ್ನು ಊರಿನ ಹಿರಿಯರೊಬ್ಬರು ತಡೆದು, "ಸ್ವಾಮಿ, ದೇವಾಲಯದ ಹಿಂದಿರುವ ಮೇಷ್ಟರ ಮನೆಯನ್ನು ಕೆಡವುತ್ತಾರಂತೆ, ನಿಜವೇ?" ಎಂದು ಕೇಳಿದರು. ಇನ್ನೂ ತೀರ್ಮಾನವಾಗಿಲ್ಲ ಎಂದೆವು. ಅವರು ಮತ್ತೇನೂ ಹೇಳದೆ ಆ ಮನೆಯ ಕಡೆಗೊಮ್ಮೆ ನೋಡಿ, ಕೊಡೆಯನ್ನು ಊರಿಕೊಂಡು ಹೊರಟುಹೋದರು. ಇಂದಿನ ಭಾಷಣದ ವಿಷಯ ನಮಗೆ ದೊರೆತದ್ದು ಆ ಗಳಿಗೆಯಲ್ಲಿ.

ಆದರೆ ನಮ್ಮ ಮನೆಯ ಮಾತಿಗೆ ಬರುವ ಮೊದಲು, ತಮ್ಮನ್ನು ಸಮುದ್ರಗಳಾಚೆ ಇರುವ ಇನ್ನೊಂದು ಮನೆಗೆ ಕರೆದೊಯ್ಯಬೇಕೆಂದಿದ್ದೇವೆ. ಅದು ಐರ್ಲೆಂಡ್ ದೇಶದ ರಾಜಧಾನಿಯಾದ ಡಬ್ಲಿನ್ ನಗರದಲ್ಲಿದೆ. ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬ ವಿಶಾಲವಾದ ಉದ್ಯಾನದ ದಕ್ಷಿಣ ಬದಿಯಲ್ಲಿ 85 ಮತ್ತು 86ನೆಯ ಸಂಖ್ಯೆಯ ಎರಡು ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಇವೆರಡನ್ನೂ ಸೇರಿಸಿ ಈಗ 'ನ್ಯೂಮನ್ ಹೌಸ್' ಎನ್ನುತ್ತಾರೆ. ಒಂದು ಕಾಲದಲ್ಲಿ ಇದೇ ಕಾಲೇಜು, ಇದೇ ಅಧ್ಯಾಪಕರ ನಿವಾಸ, ಇದೇ ವಿದ್ಯಾರ್ಥಿಗಳ ನಿವಾಸವೂ ಆಗಿತ್ತು.

ಇವುಗಳಲ್ಲಿ 85ನೆಯ ಮನೆಯನ್ನು ವಾಸ್ತುಶಿಲ್ಪಿ ರಿಚರ್ಡ್ ಕ್ಯಾಸಲ್ 1738ರಲ್ಲಿ ಒಬ್ಬ ಶ್ರೀಮಂತ ಸೈನ್ಯಾಧಿಕಾರಿಗಾಗಿ ಕಟ್ಟಿದನು. ಅದರ ಗೋಡೆಗಳ ಮೇಲೆಯೂ ಛಾವಣಿಯ ಮೇಲೆಯೂ ಲಫ್ರಾಂಕಿನಿ ಎಂಬ ಸೋದರರು ಗಾರೆಯಲ್ಲಿ ಗ್ರೀಕ್ ಪುರಾಣದ ದೇವತೆಗಳನ್ನು ಮೂಡಿಸಿದರು. ಮುಂದೆ ಈ ಮನೆ ಕಾಲೇಜಾದಾಗ, ಎಳೆಯ ವಿದ್ಯಾರ್ಥಿಗಳ ಕಣ್ಣಿಗೆ ಇದು ತಕ್ಕದ್ದಲ್ಲವೆಂದು ಬಗೆದ ಗುರುಗಳು ಆ ದೇವತಾಸ್ತ್ರೀಯರಿಗೆ ಗಾರೆಯ ಉಡುಪನ್ನೇ ತೊಡಿಸಿದರಂತೆ! ನಗಬೇಡಿರಿ. ಆ ಸ್ಥಾನದಲ್ಲಿದ್ದಿದ್ದರೆ ನಾವೂ ಬಹುಶಃ ಹಾಗೆಯೇ ಮಾಡುತ್ತಿದ್ದೆವು.

ಪಕ್ಕದ 86ನೆಯ ಮನೆಯ ಕಥೆ ಇನ್ನೂ ವಿಚಿತ್ರವಾದುದು. 1765ರಲ್ಲಿ ಅದನ್ನು ಕಟ್ಟಿಸಿದವನು ರಿಚರ್ಡ್ ಚಾಪೆಲ್ ವೇಲಿ ಎಂಬ ಪಾರ್ಲಿಮೆಂಟ್ ಸದಸ್ಯ. ಅವನಿಗೆ ಕಥೋಲಿಕರೆಂದರೆ ಆಗದು. ಅವರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಡಿಸಿದನೆಂಬ ಪ್ರತೀತಿಯಿಂದ, ಜನರು ಅವನ ಹೆಸರನ್ನೇ ತಿರುಚಿ 'ಗುಡಿ ಸುಟ್ಟ ವೇಲಿ' ಎಂಬರ್ಥದ ಅಡ್ಡಹೆಸರಿಟ್ಟಿದ್ದರು. ಇಂಥವನ ಮನೆ ನೂರು ವರ್ಷ ಕಳೆಯುವ ಮೊದಲೇ ಕಥೋಲಿಕ ವಿಶ್ವವಿದ್ಯಾಲಯದ ಮನೆಯಾಯಿತು. ಬಾಗಿಲ ಮೇಲೆ ಅವನ ಕಾಲದ ಸಿಂಹದ ಪ್ರತಿಮೆ ಮಲಗಿದ್ದಂತೆಯೇ ಇತ್ತು, ಕೆಳಗಿನಿಂದ ಗುರುಗಳು ಜಪಸರ ಹಿಡಿದು ಒಳಹೋಗುತ್ತಿದ್ದರು. ಮನುಷ್ಯನು ಒಂದು ಉದ್ದೇಶಕ್ಕೆ ಕಟ್ಟಿದ ಗೋಡೆಗಳನ್ನು ದೇವರು ಮತ್ತೊಂದು ಉದ್ದೇಶಕ್ಕೆ ಬಳಸಿಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಈ ಬದಲಾವಣೆ ಹೇಗಾಯಿತೆಂಬುದನ್ನು ಅರಿಯಲು ಆ ದೇಶದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು. ಐರ್ಲೆಂಡಿನ ಬಹುಪಾಲು ಜನ ಕಥೋಲಿಕರು. ಆದರೆ ಡಬ್ಲಿನ್ನಿನಲ್ಲಿದ್ದ ಒಂದೇ ಒಂದು ವಿಶ್ವವಿದ್ಯಾಲಯ, ರಾಣಿ ಒಂದನೆಯ ಎಲಿಜಬೆತ್ 1592ರಲ್ಲಿ ಸ್ಥಾಪಿಸಿದ ಟ್ರಿನಿಟಿ ಕಾಲೇಜು, ಪ್ರೊಟೆಸ್ಟೆಂಟರ ವಶದಲ್ಲಿತ್ತು. 1793ರಿಂದ ಕಥೋಲಿಕರು ಅಲ್ಲಿ ಪದವಿ ಪಡೆಯಬಹುದಾಗಿತ್ತಾದರೂ ಅದರ ಉನ್ನತ ಸ್ಥಾನಗಳು 1873ರವರೆಗೆ ಅವರಿಗೆ ಮುಚ್ಚಿದ್ದವು. 1845ರಲ್ಲಿ ಸರಕಾರವು ಯಾವ ಧರ್ಮಬೋಧನೆಯೂ ಇಲ್ಲದ ಕಾಲೇಜುಗಳನ್ನು ತೆರೆಯಲು ಕಾನೂನು ಮಾಡಿತು. ಅದೇ ವರ್ಷ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮವು ಆರಂಭವಾಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ಇಂತಹ ಕಾಲದಲ್ಲಿಯೇ, 1850ರಲ್ಲಿ, ಥರ್ಲೆಸ್ ಎಂಬಲ್ಲಿ ಸಭೆ ಸೇರಿದ ಆ ದೇಶದ ಧರ್ಮಾಧ್ಯಕ್ಷರುಗಳು ಸರಕಾರದ ಕಾಲೇಜುಗಳನ್ನು ಒಪ್ಪದೆ, ತಮ್ಮದೇ ಆದ ವಿಶ್ವವಿದ್ಯಾಲಯವನ್ನು ಸ್ಥಾಪಿಸುವ ನಿರ್ಧಾರಕ್ಕೆ ಬಂದರು. ಹಣವೆಲ್ಲಿಂದ? ಊರೂರಿನ ದೇವಾಲಯಗಳಲ್ಲಿ ಎತ್ತಿದ ಕಾಣಿಕೆಯಿಂದ. ಕ್ಷಾಮದಿಂದ ಆಗತಾನೇ ಚೇತರಿಸಿಕೊಳ್ಳುತ್ತಿದ್ದ ಬಡ ರೈತರ ಬಿಡಿಕಾಸಿನಿಂದ ಆ ಅಧ್ಯಾಪಕರ ಸಂಬಳ ಸಂದಾಯವಾಯಿತು. ಪ್ರಿಯರೇ, ನೂರು ವರ್ಷಗಳ ಹಿಂದೆ ನಮ್ಮ ಅಜ್ಜ ಅಜ್ಜಿಯರು ಸುಗ್ಗಿಯ ಹೊತ್ತಿಗೆ ಒಂದೊಂದು ಮೊರ ರಾಗಿಯನ್ನು ಈ ದೇವಾಲಯಕ್ಕೆಂದು ಎತ್ತಿಡುತ್ತಿದ್ದುದನ್ನು ಕೇಳಿ ಬಲ್ಲ ತಮಗೆ ಈ ಮಾತು ಹೊಸದಲ್ಲ.

ಈ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಲು ಧರ್ಮಾಧ್ಯಕ್ಷ ಪಾಲ್ ಕಲೆನ್ ಅವರು ಕರೆದದ್ದು ಜಾನ್ ಹೆನ್ರಿ ನ್ಯೂಮನ್ ಅವರನ್ನು. ನ್ಯೂಮನ್ 1801ರಲ್ಲಿ ಲಂಡನ್ನಿನಲ್ಲಿ ಜನಿಸಿದವರು, ಆಕ್ಸ್‌ಫರ್ಡಿನ ಮಹಾಪಂಡಿತರು, ಆಂಗ್ಲಿಕನ್ ಸಭೆಯ ಹೆಸರಾಂತ ಬೋಧಕರು. 1845ರ ಅಕ್ಟೋಬರ್ 9ರಂದು ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಹಳೆಯ ಸ್ನೇಹಗಳೂ ಸ್ಥಾನಮಾನಗಳೂ ಅವರ ಕೈಬಿಟ್ಟುಹೋದವು. ಸಂತ ಫಿಲಿಪ್ ನೇರಿಯವರ ಸಂಸ್ಥೆಗೆ ಸೇರಿದ ಗುರುವಾಗಿ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಅವರು ಡಬ್ಲಿನ್ನಿನ ಕರೆಗೆ ಓಗೊಟ್ಟರು. ಎರಡೂ ಕಡೆಯ ಕೆಲಸವನ್ನು ಹೊತ್ತು ಐವತ್ತಕ್ಕೂ ಹೆಚ್ಚು ಬಾರಿ ಆ ಸಮುದ್ರವನ್ನು ದಾಟಿದರು.

1854ರ ನವೆಂಬರ್ 3ರಂದು ವಿಶ್ವವಿದ್ಯಾಲಯವು ಆರಂಭವಾಯಿತು. ಬಂದ ವಿದ್ಯಾರ್ಥಿಗಳು ಬೆರಳೆಣಿಕೆಯವರು. ನ್ಯೂಮನ್ ಎದೆಗುಂದಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ದೊಡ್ಡ ಕಟ್ಟಡವಲ್ಲ, ಚಿಕ್ಕ ಚಿಕ್ಕ ಮನೆಗಳು. ಒಂದೊಂದು ಮನೆಯಲ್ಲಿ ಕೆಲವೇ ವಿದ್ಯಾರ್ಥಿಗಳು, ಅವರೊಡನೆ ವಾಸಿಸುವ ಒಬ್ಬ ಹಿರಿಯ ಗುರು, ಪಾಠದಲ್ಲಿ ನೆರವಾಗುವ ಕಿರಿಯ ಬೋಧಕರು, ಒಂದು ಪ್ರಾರ್ಥನಾಲಯ, ಒಂದೇ ಊಟದ ಮೇಜು. 86ನೆಯ ಮನೆಗೆ ಸಂತ ಪ್ಯಾಟ್ರಿಕ್ಕರ ಹೆಸರಿಟ್ಟರು. ಹತ್ತಿರದ ಹಾರ್ಕೋರ್ಟ್ ಬೀದಿಯ ಇನ್ನೊಂದು ಮನೆಗೆ ಸಂತ ಮರಿಯಮ್ಮನವರ ಹೆಸರಿಟ್ಟು, ಸ್ವತಃ ನ್ಯೂಮನ್ ಅವರೇ ಅಲ್ಲಿ ವಿದ್ಯಾರ್ಥಿಗಳೊಡನೆ ವಾಸಿಸಿದರು. ಉಪನ್ಯಾಸವು ಕಿವಿಗೆ ತಲಪಬಹುದು, ಪುಸ್ತಕವು ಬುದ್ಧಿಗೆ ತಲಪಬಹುದು, ಆದರೆ ಒಬ್ಬ ಮನುಷ್ಯನ ಬಾಳು ಇನ್ನೊಬ್ಬನ ಬಾಳನ್ನು ಮುಟ್ಟುವುದು ಒಂದೇ ಸೂರಿನಡಿ ಬದುಕಿದಾಗಲೇ ಎಂಬುದು ಅವರ ದೃಢವಾದ ನಂಬಿಕೆ. ಮುಂದೆ ಕಾರ್ಡಿನಲ್ ಆದಾಗ ಅವರು ಆರಿಸಿಕೊಂಡ ಧ್ಯೇಯವಾಕ್ಯದಲ್ಲೂ ಇದೇ ಭಾವವಿದೆ. ಹೃದಯವು ಹೃದಯದೊಡನೆ ಮಾತನಾಡುತ್ತದೆ ಎಂಬುದೇ ಅದರ ಅರ್ಥ.

ಮನೆಯ ಪಕ್ಕದ ತೋಟದ ಜಾಗದಲ್ಲಿ ಅವರು ಒಂದು ದೇವಾಲಯವನ್ನು ಕಟ್ಟಿಸಿದರು. ಜಾನ್ ಹಂಗರ್ಫರ್ಡ್ ಪೋಲನ್ ಎಂಬ ಕಲಾವಿದರು ಪ್ರಾಚೀನ ಬೈಜಾಂಟೈನ್ ಶೈಲಿಯಲ್ಲಿ, ಐರ್ಲೆಂಡಿನ ಬಣ್ಣ ಬಣ್ಣದ ಅಮೃತಶಿಲೆಗಳಿಂದ ಅದನ್ನು ರೂಪಿಸಿದರು. 1856ರ ಮೇ 1ರಂದು, ಪ್ರಭುವಿನ ಸ್ವರ್ಗಾರೋಹಣದ ಹಬ್ಬದ ದಿನ, ಅದರ ಬಾಗಿಲು ತೆರೆಯಿತು. ಇಂದಿಗೂ ಅಲ್ಲಿ ಬಲಿಪೂಜೆ ನಡೆಯುತ್ತಿದೆ.

ಇಷ್ಟಾದರೂ ಆ ಪ್ರಯತ್ನ ಫಲಿಸಿತೆನ್ನಲಾಗದು. ಸರಕಾರದ ಮನ್ನಣೆಯಿಲ್ಲದ್ದರಿಂದ ಅಲ್ಲಿ ಓದಿದವರಿಗೆ ಪದವಿ ದೊರೆಯುತ್ತಿರಲಿಲ್ಲ. ಪದವಿಯಿಲ್ಲದ ಓದಿಗೆ ತಂದೆತಾಯಿಗಳು ಮಕ್ಕಳನ್ನು ಕಳುಹಿಸಿಯಾರೇ? 1855ರಲ್ಲಿ ತೆರೆದ ವೈದ್ಯಕೀಯ ಶಾಲೆಯೊಂದು ಮಾತ್ರ ಚೆನ್ನಾಗಿ ಬೆಳೆಯಿತು. ನ್ಯೂಮನ್ ಅವರಿಗೂ ಧರ್ಮಾಧ್ಯಕ್ಷರಿಗೂ ಆಡಳಿತದ ವಿಷಯದಲ್ಲಿ ಮನಸ್ಸು ಕೂಡಲಿಲ್ಲ. 1858ರಲ್ಲಿ ನ್ಯೂಮನ್ ರಾಜೀನಾಮೆಯಿತ್ತು ಬರ್ಮಿಂಗ್‌ಹ್ಯಾಮಿಗೆ ಮರಳಿದರು. ಅಂದಿನ ಲೆಕ್ಕದಲ್ಲಿ ಅವರು ಸೋತವರು. ಆದರೆ ಆ ಕಾರ್ಯದ ನಿಮಿತ್ತವಾಗಿ ಡಬ್ಲಿನ್ನಿನಲ್ಲಿ ಅವರು ಮಾಡಿದ ಭಾಷಣಗಳಿಂದ ರೂಪುಗೊಂಡ ಗ್ರಂಥವನ್ನು ವಿದ್ಯಾಭ್ಯಾಸದ ವಿಷಯದಲ್ಲಿ ಚಿಂತಿಸುವವರೆಲ್ಲ ಇಂದಿಗೂ ಓದುತ್ತಾರೆ.

ಇನ್ನು ಆ ಮನೆಯ ಎರಡನೆಯ ಅಧ್ಯಾಯಕ್ಕೆ ಬರೋಣ. ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕಿದ ಭಾಗವಿದು.

1880ರಲ್ಲಿ ಸರಕಾರವು ಪರೀಕ್ಷೆ ನಡೆಸಿ ಪದವಿ ಕೊಡುವ ರಾಯಲ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. 1883ರಲ್ಲಿ ಧರ್ಮಾಧ್ಯಕ್ಷರುಗಳು ಸ್ಟೀಫನ್ಸ್ ಗ್ರೀನಿನ ಮನೆಗಳನ್ನೂ ಕಾಲೇಜನ್ನೂ ಯೇಸುಸಭೆಯ ಗುರುಗಳಿಗೆ ವಹಿಸಿದರು. ಸ್ವಾಮಿ ವಿಲಿಯಂ ಡಿಲೇನಿಯವರು ಅದರ ಅಧ್ಯಕ್ಷರಾದರು. ಕಟ್ಟಡ ಹಳತಾಗಿ ಹೋಗಿತ್ತು, ಹಣಕ್ಕೆ ಅಭಾವ. ಅಧ್ಯಾಪಕರಾಗಿದ್ದ ಗುರುಗಳು ತಮಗೆ ಬರುತ್ತಿದ್ದ ಸಂಬಳವನ್ನು ಕಾಲೇಜಿಗೇ ಒಪ್ಪಿಸಿ ಅದನ್ನು ನಡೆಸಿದರು.

1884ರ ಫೆಬ್ರವರಿಯಲ್ಲಿ ಆ ಮನೆಗೆ ಹೊಸ ಗ್ರೀಕ್ ಅಧ್ಯಾಪಕರೊಬ್ಬರು ಬಂದರು. ಅವರೇ ಸ್ವಾಮಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ, 1866ರಲ್ಲಿ, ಅವರನ್ನು ಧರ್ಮಸಭೆಗೆ ಬರಮಾಡಿಕೊಂಡವರು ಬೇರಾರೂ ಅಲ್ಲ, ಇದೇ ನ್ಯೂಮನ್ ಅವರೇ. ಹಾಪ್ಕಿನ್ಸ್ ಕವಿಗಳಾಗಿದ್ದರು. ಆದರೆ ಆ ಮನೆಯಲ್ಲಿ ಅವರನ್ನು ಕವಿಯೆಂದು ಬಲ್ಲವರು ವಿರಳ. ಅವರೆದುರಿಗಿದ್ದದ್ದು ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ. ದೇಶದ ಎಲ್ಲ ಕಡೆಯಿಂದ ನೂರು, ಇನ್ನೂರು, ಐನೂರು ಎಂದು ಬಂದು ಬೀಳುತ್ತಿದ್ದವು. ಅತಿ ಸೂಕ್ಷ್ಮ ಮನಸ್ಸಿನವರಾದ ಅವರು ಯಾವ ವಿದ್ಯಾರ್ಥಿಗೂ ಅನ್ಯಾಯವಾಗಬಾರದೆಂದು ಅರ್ಧ ಅಂಕವನ್ನೂ ತೂಗಿ ತೂಗಿ ಕೊಡುತ್ತಾ ರಾತ್ರಿಯೆಲ್ಲ ಕೂರುತ್ತಿದ್ದರು. ಇಂಗ್ಲಿಷರಾದ ಅವರು ಸ್ವರಾಜ್ಯದ ಕೂಗೆದ್ದಿದ್ದ ಐರ್ಲೆಂಡಿನಲ್ಲಿ ಪರಕೀಯರಾದರು. ಕಥೋಲಿಕರಾದುದರಿಂದ ತಮ್ಮ ಮನೆಯವರಿಂದಲೂ ದೂರವಾಗಿದ್ದರು. ದೇಹ ಬಳಲಿತು, ಮನಸ್ಸಿಗೆ ಕತ್ತಲೆ ಕವಿಯಿತು. 1885ರ ಸುಮಾರಿನಲ್ಲಿ ಅವರು ಬರೆದ ಕೆಲವು ಕವನಗಳು, ದೇವರು ಮೌನವಾಗಿರುವಂತೆ ತೋರುವಾಗ ಭಕ್ತನ ಒಡಲಿನಿಂದ ಹೊರಡುವ ಆರ್ತನಾದಗಳೆಂದು ಬಲ್ಲವರು ಹೇಳುತ್ತಾರೆ. ಅವುಗಳಲ್ಲಿ ನಂಬಿಕೆ ಸತ್ತಿಲ್ಲ, ಅದು ಉಸಿರಿಗಾಗಿ ಹೋರಾಡುತ್ತಿದೆ.

ಐದು ವರ್ಷ ಅಲ್ಲಿ ದುಡಿದು, 1889ರ ಜೂನ್ 8ರಂದು ಅವರು ವಿಷಮಶೀತಜ್ವರದಿಂದ ಆ ಮನೆಯಲ್ಲಿಯೇ ಕಣ್ಮುಚ್ಚಿದರು. ಮನೆಯ ಹಳೆಯ ಚರಂಡಿಗಳ ಕೊಳಕೇ ಆ ಜ್ವರಕ್ಕೆ ಮೂಲವೆಂದು ಹಲವರ ಊಹೆ. ವಯಸ್ಸು ನಲವತ್ತನಾಲ್ಕು. ಇಂಗ್ಲೆಂಡಿನಿಂದ ಬಂದ ತಂದೆತಾಯಿ ಕೊನೆಯ ಗಳಿಗೆಯಲ್ಲಿ ಬಳಿಯಲ್ಲಿದ್ದರು. ಗ್ಲಾಸ್ನೆವಿನ್ ಸ್ಮಶಾನದಲ್ಲಿ ಯೇಸುಸಭೆಯವರ ಸಮಾಧಿಯಲ್ಲಿ ಅವರನ್ನು ಮಣ್ಣು ಮಾಡಿದರು. ಅವರ ಕವನಗಳನ್ನು ಗೆಳೆಯರಾದ ರಾಬರ್ಟ್ ಬ್ರಿಜಸ್ ಪುಸ್ತಕರೂಪದಲ್ಲಿ ಪ್ರಕಟಿಸಿದ್ದು 1918ರಲ್ಲಿ. ಅಂದರೆ, ಪಕ್ಕದ ಕೋಣೆಯಲ್ಲಿದ್ದವರು ಯಾರೆಂಬುದನ್ನು ಲೋಕ ಅರಿಯಲು ಇಪ್ಪತ್ತೊಂಬತ್ತು ವರ್ಷಗಳು ಬೇಕಾದವು.

ಆ ಮನೆಯ ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಪ್ರಸಿದ್ಧ ಲೇಖಕ ಜೇಮ್ಸ್ ಜಾಯ್ಸ್ 1898ರಿಂದ 1902ರವರೆಗೆ ಅಲ್ಲಿಯೇ ಓದಿದನು. 1908ರ ಕಾನೂನಿನಂತೆ ರಾಷ್ಟ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಯೇಸುಸಭೆಯವರು ಕಾಲೇಜನ್ನು ಒಪ್ಪಿಸಿ ಹೊರಬಂದರು. ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಆರಂಭವಾದ ಆ ಕಾಲೇಜು ಇಂದು ಬೆಲ್‌ಫೀಲ್ಡ್ ಎಂಬಲ್ಲಿ ದೇಶದ ಅತಿ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಒಂದಾಗಿ ಬೆಳೆದು ನಿಂತಿದೆ. ಹಳೆಯ ಮನೆಯನ್ನು ಮಾತ್ರ ಯಾರೂ ಕೆಡವಲಿಲ್ಲ. ದುರಸ್ತಿ ಮಾಡಿ ಉಳಿಸಿಕೊಂಡರು. 2019ರಿಂದ ಅದು ಐರಿಷ್ ಸಾಹಿತ್ಯದ ವಸ್ತುಸಂಗ್ರಹಾಲಯವಾಗಿದೆ. ಅದೇ ವರ್ಷದ ಅಕ್ಟೋಬರ್ 13ರಂದು ಜಗದ್ಗುರು ಫ್ರಾನ್ಸಿಸ್ ಅವರು ನ್ಯೂಮನ್ ಅವರನ್ನು ಸಂತರೆಂದು ಘೋಷಿಸಿದರು. ನೆರೆಯ ಕೇರಳದ ಮರಿಯಮ್ ಥ್ರೇಸಿಯಾ ಅವರು ಸಂತಪದವಿಗೇರಿದ್ದೂ ಅದೇ ದಿನ, ಅದೇ ಪೀಠದ ಮುಂದೆ. 2025ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದಂದು, ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ನ್ಯೂಮನ್ ಅವರಿಗೆ ಧರ್ಮಸಭೆಯ ಪಂಡಿತರೆಂಬ ಗೌರವವನ್ನಿತ್ತರು.

ನಮಗೂ ಆ ಕಾಲಕ್ಕೂ ಸಂಬಂಧವಿಲ್ಲವೆಂದು ತಿಳಿಯಬಾರದು. 1879ರಲ್ಲಿ ನ್ಯೂಮನ್ ಅವರನ್ನು ಕಾರ್ಡಿನಲ್ ಪದವಿಗೇರಿಸಿದವರು ಜಗದ್ಗುರು ಹದಿಮೂರನೆಯ ಲಿಯೋ. ಅದಕ್ಕೆ ಒಂದು ವರ್ಷ ಮೊದಲು, 1878ರಲ್ಲಿ, ಮಂಗಳೂರಿನ ಕಥೋಲಿಕರ ಬಿನ್ನಹವನ್ನು ಮನ್ನಿಸಿ ಯೇಸುಸಭೆಯವರನ್ನು ಅಲ್ಲಿಗೆ ಕಳುಹಿಸಿದವರೂ ಅವರೇ. ಅವರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಡಬ್ಲಿನ್ನಿನಲ್ಲಿ ಕಾಣಿಕೆ ಎತ್ತಿದ ಜನರ ಹಂಬಲವೂ ಮಂಗಳೂರಿನಲ್ಲಿ ಬಿನ್ನಹ ಬರೆದ ಜನರ ಹಂಬಲವೂ ಒಂದೇ. ನಮ್ಮ ಮಕ್ಕಳು ವಿದ್ಯೆಯನ್ನು ಪಡೆಯಬೇಕು, ವಿಶ್ವಾಸವನ್ನು ಕಳೆದುಕೊಳ್ಳಬಾರದು ಎಂಬುದೇ ಆ ಹಂಬಲ.

ಪ್ರಿಯರೇ, ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳಬೇಕಾಗಿದೆ. ಗುರುಪಟ್ಟವಾದ ಹೊಸದರಲ್ಲಿ ನಾವು ಕೆಲಕಾಲ ಒಂದು ಕಾಲೇಜಿನ ಅಧ್ಯಾಪಕ ಗುರುಗಳ ನಿವಾಸದಲ್ಲಿದ್ದೆವು. ಅಂಗಳದ ಕೊನೆಯ ಕೋಣೆಯಲ್ಲಿ ವಯಸ್ಸಾದ ಗುರುಗಳೊಬ್ಬರು ವಾಸಿಸುತ್ತಿದ್ದರು. ಮಿತಭಾಷಿಗಳು. ಮೂರು ಹೊತ್ತೂ ಒಂದೇ ಮೇಜಿನಲ್ಲಿ ಊಟ ಮಾಡಿದರೂ ಉಪ್ಪು ಸಾರಿನ ಮಾತಿನ ಹೊರತು ಅವರೊಡನೆ ನಾವು ಬೇರೆ ಮಾತನಾಡಿದ್ದಿಲ್ಲ. ಪರೀಕ್ಷೆಯ ಕಾಲದ ಒಂದು ರಾತ್ರಿ ಅವರ ಕೋಣೆಯ ಮುಂದೆ ಹಾದುಹೋಗುತ್ತಿದ್ದಾಗ ಬಾಗಿಲು ತೆರೆದಿತ್ತು. ಉತ್ತರಪತ್ರಿಕೆಗಳ ಕಟ್ಟುಗಳ ನಡುವಿನಿಂದ ತಲೆಯೆತ್ತಿ, "ಒಂದು ಗಳಿಗೆ ಕೂತು ಹೋಗಿ, ಫಾದರ್" ಎಂದರು. "ಕೆಲಸವಿದೆ, ನಾಳೆ ಬರುತ್ತೇವೆ" ಎಂದೆವು. ನಿಜವಾಗಿ ಅಂಥ ಕೆಲಸವೇನೂ ಇರಲಿಲ್ಲ. ಆ ನಾಳೆ ಬರಲೇ ಇಲ್ಲ. ಕೆಲವು ದಿನಗಳಲ್ಲಿ ಅವರ ಆರೋಗ್ಯ ಕೆಟ್ಟು, ಅವರನ್ನು ದೂರದ ಬೇರೊಂದು ಮನೆಗೆ ಕರೆದೊಯ್ದರು. ಮತ್ತೆ ಅವರನ್ನು ನಾವು ಕಾಣಲಿಲ್ಲ. ಹಾಪ್ಕಿನ್ಸ್ ಅವರ ಚರಿತ್ರೆಯನ್ನು ಓದುವಾಗಲೆಲ್ಲ ನಮ್ಮ ಕಣ್ಣಮುಂದೆ ನಿಲ್ಲುವುದು ಡಬ್ಲಿನ್ನಿನ ಕೋಣೆಯಲ್ಲ, ಆ ತೆರೆದ ಬಾಗಿಲು. ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಮನೆಯಾಗುವುದಿಲ್ಲ ಎಂಬ ಪಾಠವನ್ನು ನಾವು ತಡವಾಗಿ ಕಲಿತೆವು.

ಈಗ ನಮ್ಮ ಮೇಷ್ಟರ ಮನೆಯ ವಿಷಯ. ದೂರದೂರುಗಳಿಂದ ಕಲಿಸಲು ಬಂದವರಿಗೆ ಬಾಡಿಗೆಗೆ ಮನೆ ಸಿಗದಿದ್ದ ಕಾಲದಲ್ಲಿ ಹಿಂದಿನ ಗುರುಗಳು ಅದನ್ನು ಕಟ್ಟಿಸಿದರು. ನಾಲ್ಕು ಕೋಣೆ, ಒಂದು ಜಗುಲಿ, ಮೇಲೆ ಮಂಗಳೂರು ಹೆಂಚು. ಈ ಸಭೆಯಲ್ಲಿ ಕುಳಿತಿರುವ ಎಷ್ಟೋ ಮಂದಿ ಆ ಜಗುಲಿಯ ಮೇಲೆ ಲಾಟೀನಿನ ಬೆಳಕಿನಲ್ಲಿ ಮಗ್ಗಿ ಒಪ್ಪಿಸಿದವರೇ ಆಗಿದ್ದೀರಿ. ಈಗ ಹೆಂಚು ಒಡೆದಿದೆ, ಮಳೆಗೆ ಸೋರುತ್ತದೆ. ಅದನ್ನು ಕೆಡವಿ ಸಮುದಾಯ ಭವನವನ್ನು ಕಟ್ಟೋಣವೆಂಬುದು ಕೆಲವರ ಸಲಹೆ. ಆ ಸಲಹೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಗಳ ಮದುವೆಗೆ ಪೇಟೆಯ ಕಲ್ಯಾಣ ಮಂಟಪದ ಬಾಡಿಗೆ ತೆರಲಾಗದೆ ಸಾಲ ಮಾಡಿದ ತಂದೆಯರನ್ನು ನಾವು ಬಲ್ಲೆವು. ಭವನವೂ ಬೇಕು. ಕಲ್ಲು ಮಣ್ಣನ್ನು ಪೂಜಿಸಿರೆಂದು ನಾವು ಹೇಳುತ್ತಿಲ್ಲ.

ಆದರೆ ಆ ಮನೆ ಬರಿದಾಗಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ಶಾಲೆಯ ಇಬ್ಬರು ಕಿರಿಯ ಉಪಾಧ್ಯಾಯರು ಸೋರದ ಎರಡು ಕೋಣೆಗಳಲ್ಲಿ ಈಗಲೂ ವಾಸಿಸುತ್ತಿದ್ದಾರೆ. ಅವರು ಬಂದು ವರ್ಷ ಎರಡಾಯಿತು. ನಮ್ಮಲ್ಲಿ ಎಷ್ಟು ಮನೆಯವರು ಅವರನ್ನು ಊಟಕ್ಕೆ ಕರೆದಿದ್ದೇವೆ? ಊರಹಬ್ಬದ ದಿನ ಅವರು ಬಾಗಿಲು ಹಾಕಿಕೊಂಡು ತಾವೇ ಅನ್ನ ಬೇಯಿಸಿಕೊಂಡರೆಂದು ತಿಳಿದಾಗ ನಮಗೆ ನಾಚಿಕೆಯಾಯಿತು. ಗುರುನಿವಾಸಕ್ಕೂ ಅವರ ಜಗುಲಿಗೂ ಇರುವ ದೂರ ನಲವತ್ತು ಹೆಜ್ಜೆ. ನಾವೇ ಅದನ್ನು ನಡೆದಿರಲಿಲ್ಲ.

ಆದ್ದರಿಂದ ಸಮಿತಿಯವರಲ್ಲಿಯೂ ತಮ್ಮೆಲ್ಲರಲ್ಲಿಯೂ ನಮ್ಮ ಬಿನ್ನಹ ಎರಡು. ಮೊದಲನೆಯದು, ಭವನದ ಅಡಿಗಲ್ಲನ್ನಿಡುವ ಮೊದಲು ಅಧ್ಯಾಪಕರಿಗೆ ಸೋರದ ಸೂರೊಂದನ್ನು ಈ ಆವರಣದಲ್ಲಿಯೇ ಸಿದ್ಧಗೊಳಿಸೋಣ. ಹಳೆಯ ಮನೆಯನ್ನು ದುರಸ್ತಿ ಮಾಡಿಯಾದರೂ ಆಗಲಿ, ಹೊಸದನ್ನು ಕಟ್ಟಿಯಾದರೂ ಆಗಲಿ. ಗುರುನಿವಾಸದ ಪಕ್ಕದ ತೋಟದ ಜಾಗವನ್ನು ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ. ಧರ್ಮಾಧ್ಯಕ್ಷರ ಅನುಮತಿಯನ್ನು ಕೋರುವ ಹೊಣೆಯೂ ನಮ್ಮದೇ. ಎರಡನೆಯದಕ್ಕೆ ಹಣ ಬೇಡ. ಅಲ್ಲಿ ವಾಸಿಸುವವರ ಬಾಗಿಲನ್ನು ತಟ್ಟೋಣ. ಒಂದು ಗಳಿಗೆ ಕೂತು ಬರೋಣ.

ಡಬ್ಲಿನ್ನಿನ ಮನೆಯಲ್ಲಿ ನ್ಯೂಮನ್ ಕಂಡದ್ದು ಸೋಲು, ಹಾಪ್ಕಿನ್ಸ್ ಕಂಡದ್ದು ಕತ್ತಲೆ. ಆದರೂ ದೇವರು ಅದೇ ಮನೆಯಿಂದ ಧರ್ಮಸಭೆಗೆ ಒಬ್ಬ ಪಂಡಿತರನ್ನೂ ಲೋಕಕ್ಕೆ ಒಬ್ಬ ಮಹಾಕವಿಯನ್ನೂ ಕೊಟ್ಟರು. ನಮ್ಮ ಸೋರುವ ಮನೆಯಲ್ಲಿ ಇಂದು ಯಾರು ದೀಪದ ಮುಂದೆ ಕುಳಿತು ನಮ್ಮ ಮಕ್ಕಳ ನೋಟುಪುಸ್ತಕಗಳನ್ನು ತಿದ್ದುತ್ತಿದ್ದಾರೋ, ಅವರಲ್ಲಿ ದೇವರು ಏನನ್ನು ಇಟ್ಟಿದ್ದಾರೋ ಬಲ್ಲವರಾರು? ಅದನ್ನು ತಿಳಿಯಲು ಇಪ್ಪತ್ತೊಂಬತ್ತು ವರ್ಷ ಕಾಯುವುದು ಬೇಡ.

ಈ ನೂರು ವರ್ಷಗಳಲ್ಲಿ ಇಲ್ಲಿ ಕಲಿಸಿ ದೇವರ ಪಾದ ಸೇರಿದ ಎಲ್ಲ ಉಪಾಧ್ಯಾಯರಿಗೂ ನಿತ್ಯಶಾಂತಿ ದೊರೆಯಲೆಂದೂ, ಇಂದು ಕಲಿಸುತ್ತಿರುವವರಿಗೆ ಆಯುರಾರೋಗ್ಯಗಳು ಲಭಿಸಲೆಂದೂ ಪ್ರಾರ್ಥಿಸೋಣ. ಮಾತೆ ಮರಿಯಮ್ಮನವರ ಹಾಗೂ ಸಂತ ಜಾನ್ ಹೆನ್ರಿ ನ್ಯೂಮನ್ ಅವರ ಬಿನ್ನಹಗಳಿಂದ ಸರ್ವೇಶ್ವರನು ತಮ್ಮೆಲ್ಲರನ್ನೂ, ತಮ್ಮ ಮನೆಗಳನ್ನೂ ಹರಸಲಿ.

ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ, ಆಮೆನ್.